ಚಳ್ಳಕೆರೆಯ ಹಿತ್ತಲಲ್ಲೊಂದು ಏರುಮಡಿ

ಹಾರೆ ಬಿದ್ದಲ್ಲಿ ಠಣ್ ಎನ್ನುತ್ತದೆ. ಮೇಲಿನ ಅರ್ಧ ಗೇಣು ಕೆಂಪು ಮಣ್ಣು, ಅದರಡಿ ಬರೀ ಗರಸು. ನೀವೀಗ ಚಳ್ಳಕೆರೆ ಪಕ್ಕದ ಹಳ್ಳಿಯೊಂದರ ಹಿತ್ತಲಲ್ಲಿದ್ದೀರಿ. ಯುಗಾದಿಗೆ ಇನ್ನೂ ಎರಡು ವಾರವಿದೆ, ಆಗಲೇ ಬೆಳಗಿನ ಎಂಟರ ಬಿಸಿಲು ಕತ್ತು ಸುಡುತ್ತಿದೆ. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಇದೂ ಒಂದು. ವರ್ಷಕ್ಕೆ 500 ಮಿಲಿಮೀಟರ್ ಮುಟ್ಟುವುದೇ ಕಷ್ಟ; ಬರುವುದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಸುರಿದು ಹೋಗುತ್ತದೆ.

ಬದನೆ, ಟೊಮೆಟೊ ಬೇರಿಗೆ ಈ ನೆಲದಲ್ಲಿ ಇಳಿಯಲು ಜಾಗವಿಲ್ಲ. ಮಡಿ ಏರಿಸುವುದು ಅದಕ್ಕಾಗಿ. ಆದರೆ ಸೊಂಟದೆತ್ತರದ ಮರದ ಪೆಟ್ಟಿಗೆಗಳ ಚಿತ್ರವನ್ನು ತಲೆಯಿಂದ ತೆಗೆದುಹಾಕಿ. ಮಣ್ಣು ನೆಲಬಿಟ್ಟು ಎದ್ದಷ್ಟೂ ಬದಿಗಳಿಗೆ ಗಾಳಿ, ಬಿಸಿಲು ಹೆಚ್ಚು ತಾಗುತ್ತದೆ, ಹೆಚ್ಚು ಬೇಗ ಒಣಗುತ್ತದೆ. ನೀರು ನಿಲ್ಲುವ ಮಲೆನಾಡಿನಲ್ಲಿ ಎತ್ತರ ಒಳ್ಳೆಯದು. ಇಲ್ಲಿ ಮಡಿ ಒಂದಡಿ ನೆಲದೊಳಗೆ, ಒಂದು ಗೇಣು ಮೇಲೆ. ಅಷ್ಟೇ.

ಅಗೆಯಿರಿ. ಅಗಲ ನಾಲ್ಕಡಿ, ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು. ಒಮ್ಮೆ ತುಂಬಿಸಿದ ಮಡಿಯೊಳಗೆ ಯಾರೂ ಕಾಲಿಡಬಾರದು. ಬಾಂಡ್ಲಿಯಲ್ಲಿ ಗರಸನ್ನು ಹೊತ್ತು ಓಡಾಡುವ ದಾರಿಗೆ ಸುರಿಯಿರಿ. ಡ್ರಮ್ಮಿನಲ್ಲಿ ರಾತ್ರಿಯೆಲ್ಲ ನೆನೆದ ತೆಂಗಿನಕಾಯಿ ಸಿಪ್ಪೆಗಳನ್ನು ಈಗ ಗುಂಡಿಯ ತಳಕ್ಕೆ ಜೋಡಿಸುತ್ತಿದ್ದೀರಿ. ಬೋರಲು ಬಿದ್ದ ಒಂದನ್ನು ಮನೆಯ ಅಜ್ಜಿ ಕೋಲಿನಿಂದ ಮಗುಚುತ್ತಾರೆ.

“ಅಂಗಾತ ಇಡಪ್ಪಾ. ನೀರು ಹಿಡ್ಕಬೇಕಲ್ಲ.”

ಅದರ ಮೇಲೆ ಗೆದ್ದಲು ತಡೆಯಲು ನಾಲ್ಕು ಹಿಡಿ ಬೇವಿನ ಹಿಂಡಿ. ಆಮೇಲೆ ಮಣ್ಣು: ಎರಡು ಬುಟ್ಟಿ ಕೆಂಪು ಮಣ್ಣಿಗೆ ಒಂದು ಬುಟ್ಟಿ ಕೆರೆಗೋಡು, ಒಂದು ಬುಟ್ಟಿ ಚೆನ್ನಾಗಿ ಕಳಿತ ಕುರಿಗೊಬ್ಬರ. ಹಸಿ ಗೊಬ್ಬರ ಸಸಿಯನ್ನು ಸುಡುತ್ತದೆ. ಅಂಚಿಗೆ ಕಾಡುಗಲ್ಲು ಕೂರಿಸಿ, ಸಂದಿಗಳಿಗೆ ಕೆಸರು ಮೆತ್ತುತ್ತೀರಿ. ಮಣ್ಣಿನ ಮಟ್ಟ ಕಲ್ಲಂಚಿಗಿಂತ ಎರಡು ಬೆರಳು ತಗ್ಗಿರಲಿ. ರಭಸದ ಮಳೆ ಬಂದರೂ ನೀರು ಹೊರಗೆ ಹರಿಯದೆ ಅಲ್ಲೇ ಇಂಗುತ್ತದೆ.

ಇನ್ನು ಮಡಕೆ. ಬಣ್ಣ ಬಳಿಯದ, ನುಣುಪು ಲೇಪವಿಲ್ಲದ ಮಣ್ಣಿನ ಮಡಕೆಯೇ ಆಗಬೇಕು. ನೀರು ತುಂಬಿಸಿ ಹೊರಮೈ ಮುಟ್ಟಿ ನೋಡಿ, ತಣ್ಣಗೆ ಒದ್ದೆಯಾಗುತ್ತಿದೆ. ಕತ್ತಿನವರೆಗೆ ಹೂತು, ಬಾಯಿಗೆ ತಟ್ಟೆ ಮುಚ್ಚುತ್ತೀರಿ. ಸೊಳ್ಳೆಗೂ ಬಿಸಿಲಿಗೂ ಅದೇ ತಡೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಮಡಕೆಯ ಗೋಡೆಯಿಂದ ನೀರನ್ನು ಹೀರುತ್ತದೆ, ಹಸಿಯಾದಾಗ ಹೀರುವುದು ತಾನಾಗಿ ನಿಧಾನವಾಗುತ್ತದೆ. ಗಿಡದ ಬಾಯಾರಿಕೆಯೇ ನಲ್ಲಿ ತಿರುಗಿಸಿದಂತೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಫಾನ್ ಶೆಂಗ್‌ಝಿ ಕೃಷಿಗ್ರಂಥದಲ್ಲೇ ಈ ಉಪಾಯವಿದೆ. ಬೋರ್‌ವೆಲ್‌ಗಳು ಬತ್ತುತ್ತಿರುವ ನಮ್ಮ ಬಯಲುಸೀಮೆಗೆ ಇದಕ್ಕಿಂತ ಅಗ್ಗದ ನೀರಾವರಿ ನನಗೆ ಗೊತ್ತಿಲ್ಲ. ಮಡಕೆಯಿಂದ ಒಂದು ಗೇಣು ದೂರದಲ್ಲಿ ಬದನೆ, ಮೆಣಸಿನ ಸಸಿ ಊರಿ. ಅಂಚಿಗೆ ಗೋರಿಕಾಯಿ ಬಿತ್ತಿ, ಒಣಹವೆಗೆ ಅದು ಬೇಗ ಸೋಲುವುದಿಲ್ಲ. ಪಡುವಲ ಬದಿಗೆ ಒಂದು ಸಾಲು ತೊಗರಿ ಎದ್ದರೆ ಸಂಜೆ ಬಿಸಿಲಿಗೂ ಆಷಾಢದ ಗಾಳಿಗೂ ಮರೆಯಾಗುತ್ತದೆ.

ಕೊನೆಗೆ ಹೊದಿಕೆ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಶೇಂಗಾ ಸಿಪ್ಪೆಗೆ ಬರವಿಲ್ಲ. ಗೋಣಿಚೀಲ ಬಿಚ್ಚಿ ಎರಡಂಗುಲ ದಪ್ಪ ಹರಡುತ್ತೀರಿ. ಕಾಂಡಕ್ಕೆ ತಾಗದಂತೆ, ಬೀಜ ಬಿದ್ದಲ್ಲಿ ಮುಚ್ಚದಂತೆ. ಮಧ್ಯಾಹ್ನ ಎರಡು ಗಂಟೆಗೆ ಸಿಪ್ಪೆಯಡಿ ಬೆರಳು ತೂರಿಸಿ: ಪಕ್ಕದ ಬರಿನೆಲ ಅಂಗಾಲು ಸುಡುತ್ತಿದೆ, ಇಲ್ಲಿ ಹಸಿ ಇದೆ. ಹೊದಿಕೆಯಿಲ್ಲದ ಏರುಮಡಿ ಈ ಸೀಮೆಯಲ್ಲಿ ದಂಡ. ಕಲ್ಲು, ಗೊಬ್ಬರ, ದುಡಿಮೆ ಎಲ್ಲವೂ ವ್ಯರ್ಥ.

ನಿಮ್ಮದೂ ಒಣಸೀಮೆಯ ಹಿತ್ತಲಾದರೆ ಈ ವರ್ಷ ಒಂದೇ ಮಡಿ ಮಾಡಿ. ನಿಮ್ಮ ಮನೆಯ ನೀರು ಎಷ್ಟಕ್ಕೆ ಸಾಲುತ್ತದೆಂದು ನೋಡಿಕೊಂಡು ಎರಡನೆಯದಕ್ಕೆ ಹಾರೆ ಎತ್ತಿ.