ಅವ್ವನ ಜೋಲಿ, ಸಾಹೇಬರ ತೊಟ್ಟಿಲು

ಇವತ್ತು ಮನೆ ವಿಷಯ ಬರೀತಿದ್ದೀನಿ.

ಮೊಮ್ಮಗಳಿಗೆ 4 ತಿಂಗಳು ತುಂಬಿತು. ಹುಟ್ಟಿದಾಗಿನಿಂದ ಅವ್ವನ ಹಳೇ ಸೀರೆಯ ಜೋಲಿಯಲ್ಲೇ ನಿದ್ದೆ. ಮಂಡ್ಯ ಕಡೆ ಕಬ್ಬಿನ ಗದ್ದೆಯಲ್ಲಿ ಅವ್ವ ಕೂಲಿ ಮಾಡುವಾಗ, ಬದುವಿನ ಹೊಂಗೆ ಮರಕ್ಕೆ ಕಟ್ಟಿದ ಜೋಲಿಯಲ್ಲೇ ನಾನೂ ಬೆಳೆದಿದ್ದು. ಕೆಳಗೆ ಇರುವೆ, ಹಾವು. ಮೇಲೆ ಕಟ್ಟದೆ ಬೇರೆ ದಾರಿ ಇರಲಿಲ್ಲ. ಹಂಗಾಗಿ ಜೋಲಿ ಅಂದ್ರೆ ನಂಗೊಂದು ಅಭಿಮಾನ.

ಹೋದ ವಾರ ಕೂಸು ಜೋಲಿಯೊಳಗೇ ಮಗುಚಿಕೊಂಡಿತು. ಮೂಗು, ಬಾಯಿ ಬಟ್ಟೆಗೆ ಒತ್ತಿಕೊಂಡಿದ್ದವು. ಮಗಳು ಪಕ್ಕದಲ್ಲೇ ಇದ್ಲು, ಎತ್ತಿಕೊಂಡ್ಲು. ಇಲ್ಲದಿದ್ರೆ ಏನಾಗ್ತಿತ್ತೋ, ಬರೆಯೋಕೂ ಕೈ ಬರಲ್ಲ. ಚುಚ್ಚುಮದ್ದಿಗೆ ಹೋದಾಗ ನರ್ಸಮ್ಮ ಬೈದ್ರು: ಜೋಲಿ ಮೊದಲೇ ಬಿಡಬೇಕಿತ್ತು, ಗಟ್ಟಿಯಾದ ಸಮತಟ್ಟು ಹಾಸಿಗೆ ಮೇಲೆ ಅಂಗಾತ ಮಲಗಿಸಿ, ದಿಂಬು, ದಪ್ಪ ರಗ್ಗು, ಗೊಂಬೆ ಯಾವುದೂ ಹತ್ತಿರ ಬೇಡ.

ಆಫೀಸಿನಲ್ಲಿ ಇದನ್ನ ಹೇಳ್ದೆ. ನಮ್ಮ ಸಾಹೇಬರೊಬ್ಬರು ಅವರ ಶೆಡ್‌ನಲ್ಲಿದ್ದ ಕಟಕಟೆ ತೊಟ್ಟಿಲು, ಕ್ರಿಬ್ ಅಂತಾರಲ್ಲ, ತಗೊಂಡು ಹೋಗು ಅಂದ್ರು. ಸುಳ್ಳು ಯಾಕೆ, ಖುಷಿ ಆಯ್ತು. ಆಟೋಗೆ 400 ಕೊಟ್ಟು ತಂದೆ.

ಮಗಳು ಒಂದು ಸುತ್ತು ನೋಡಿದ್ಲು. ಒಂದು ಬದಿಯ ಕಟಕಟೆ ಕೆಳಕ್ಕೆ ಜಾರುತ್ತೆ, ಚಿಲಕ ಹೋಗಿದೆ, ತಂತಿ ಸುತ್ತಿದ್ದಾರೆ. ಇಂಥ ಜಾರುವ ಬದಿಯ ಕ್ರಿಬ್ ಮಾರಾಟವನ್ನ ಅಮೆರಿಕದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಹಾಸಿಗೆ ಅಳತೆಗೆ ಚಿಕ್ಕದು, ಅಂಚಲ್ಲಿ 3 ಬೆರಳು ಜಾಗ. ಅಲ್ಲಿ ಕೂಸಿನ ಮುಖ ಸಿಕ್ಕಿಕೊಂಡ್ರೆ? ಆಫೀಸಿನ ಸ್ಕೇಲ್ ಬ್ಯಾಗಲ್ಲೇ ಇತ್ತು, ಕಂಬಿಗಳ ನಡುವೆ ಇಟ್ಟೆ. 9 ಸೆಂಟಿಮೀಟರ್. 6 ದಾಟಬಾರದು. ದಾಟಿದ್ರೆ ಮಗುವಿನ ಕಾಲು, ಮೈ ಹೊರಗೆ ಜಾರಿ ತಲೆ ಮಾತ್ರ ಒಳಗೆ ಸಿಕ್ಕಿಬೀಳುತ್ತೆ.

ಆದ್ರೂ ನನ್ನ ಬಾಯಲ್ಲಿ ಬಂದಿದ್ದು: "ಬಟ್ಟೆ ಸುತ್ತಿ ಅಡ್ಜಸ್ಟ್ ಮಾಡೋಣ ಕಣವ್ವ, ಸಾಹೇಬ್ರು ಕೊಟ್ಟಿರೋದು."

ಗೌಡರ ಹಿತ್ತಲಿಂದ ಮಿಕ್ಕಿದ್ದನ್ನ ಸೆರಗಲ್ಲಿ ತರುವಾಗ ನಮ್ಮವ್ವ ಆಡ್ತಿದ್ದ ಮಾತೇ ಅದು. ಕೊಟ್ಟಿದ್ದನ್ನ ಬ್ಯಾಡ ಅನ್ನಬಾರದು.

ಮಗಳು ಅಂದ್ಲು: "ಸ್ಟೇಜ್ ಮೇಲೆ ಅಷ್ಟೊಂದು ಮಾತಾಡ್ತೀಯಲ್ಲಪ್ಪ, ಮನೇಲಿ ಅಡ್ಜಸ್ಟ್ ಅಂತೀಯಾ?"

ಮೂಲೆಯಲ್ಲಿ ಕೂತಿದ್ದ ಅವ್ವನೂ ತುಟಿ ಬಿಚ್ಚಲಿಲ್ಲ.

ಮತ್ತೆ ಆಟೋ, ಮತ್ತೆ 400. ವಾಪಸ್ ಕೊಟ್ಟೆ. "ನಮ್ಮ ಮಕ್ಕಳು ಇದ್ರಲ್ಲೇ ಬೆಳೆದ್ರು. ನಿಮ್ಮೋರಿಗೆ ಆಗಲ್ವಾ?" ಅಂದ್ರು. ಕೊಡುವಾಗ ಅವರ ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ, ಅದನ್ನ ಒಪ್ತೀನಿ. ಆದ್ರೆ ಆ 'ನಿಮ್ಮೋರಿಗೆ' ಇದೆಯಲ್ಲ, 22 ವರ್ಷದ ಸರ್ವಿಸಲ್ಲಿ ಎಷ್ಟು ಸಲ ಕೇಳಿದ್ದೀನೋ. "6 ದಾಟಬಾರದು ಸಾರ್, ಇದು 9 ಇದೆ" ಅಂದೆ. ಅವರು ಫೈಲ್ ಎಳ್ಕೊಂಡ್ರು.

ಸದ್ಯಕ್ಕೆ ಮಗಳ ಹಾಸಿಗೆ ಪಕ್ಕದಲ್ಲಿ, ನೆಲದ ಮೇಲೆ ಕೂಸಿಗೆ ಬೇರೆ ಗಟ್ಟಿ ಹಾಸಿಗೆ. ಕೋಣೆ ಒಂದೇ. ಮೊದಲು ಹಗಲಿನ ನಿದ್ದೆ ಅಲ್ಲಿ ಅಭ್ಯಾಸ ಮಾಡಿಸಿದ್ವಿ, ಆಮೇಲೆ ರಾತ್ರಿ. 2 ರಾತ್ರಿ ಅತ್ತಿತು. ಅವ್ವ ಪಕ್ಕ ಕೂತು ಎದೆ ಮೇಲೆ ಕೈಯಿಟ್ಟು ಗುನುಗಿದ್ರು. 3ನೇ ರಾತ್ರಿ ಮಲಗಿತು.

ನಮ್ಮ ಕೇರಿಯ ಮರಗೆಲಸದ ಹುಡುಗನಿಗೆ ಹೊಸ ಕ್ರಿಬ್ ಮಾಡೋಕೆ ಹೇಳಿದ್ದೀನಿ. ಕಂಬಿಯ ನಡುವೆ ಐದೂವರೆ ಸೆಂಟಿಮೀಟರ್, ಬದಿ ಜಾರಬಾರದು, ಹಾಸಿಗೆ ಅಂಚಿಗಂಟಿರಬೇಕು ಅಂತ ಚೀಟಿ ಬರೆದುಕೊಟ್ಟೆ. ಅವನ ಹತ್ರ ಟೇಪು ಸರಿ ಇಲ್ವಂತೆ. ಆಫೀಸ್ ಸ್ಕೇಲ್ ಅವನ ಹತ್ರಾನೇ ಇದೆ.