ಐದೇ ನಿಮಿಷ, ಬಂದ್ಬಿಟ್ಟೆ!

ಫೋನಿನಲ್ಲಿ 'ಐದೇ ನಿಮಿಷ, ಬಂದ್ಬಿಟ್ಟೆ' ಎಂದವನು ಎಲ್ಲಿರುತ್ತಾನೆ? ಬಹುಮಟ್ಟಿಗೆ ಬಚ್ಚಲಮನೆಯಲ್ಲಿ. ಹೋಟೆಲಿನಲ್ಲಿ ಕಾಯುತ್ತಿರುವವನಿಗೂ ಇದು ಗೊತ್ತು. ಆತ ನಿಶ್ಚಿಂತೆಯಿಂದ ಇನ್ನೊಂದು ಕಾಫಿ ಹೇಳುತ್ತಾನೆ. ಇಲ್ಲಿ ಸುಳ್ಳಾಡಿದವರೂ ಇಲ್ಲ, ಮೋಸಹೋದವರೂ ಇಲ್ಲ.

ಈಗಿನ ಹುಡುಗರಿಗೆ ದೋಸೆಯೂ ಸಖತ್, ಸಿನಿಮಾನೂ ಸಖತ್, ಎದುರು ಮನೆಯ ಗೃಹಪ್ರವೇಶವೂ ಸಖತ್ ಎಂದು ಹಿರಿಯರು ಗೊಣಗುತ್ತಾರೆ. ಗೊಣಗುವ ರಾಯರು ತಮ್ಮ ಕಾಲದಲ್ಲಿ ಇಷ್ಟಕ್ಕೂ 'ಬೊಂಬಾಟ್' ಎಂದವರೇ. ಈಗಲೂ 'ವಿಷಯ ಏನಪ್ಪಾ ಅಂದ್ರೆ' ಎನ್ನದೆ ಅವರ ವಿಷಯ ಹೊರಡದು. ಹೊರಟ ಮೇಲೆ ನೋಡಿದರೆ ವಿಷಯವೇ ಇರದು. ಮಂಗಳೂರಿನಲ್ಲಿ ಎಲ್ಲರೂ 'ಮಾರಾಯ್ರೆ', ಬೆಂಗಳೂರಿನಲ್ಲಿ ಎಲ್ಲರೂ 'ಗುರು'. 'ಮಗಾ' ಎನಿಸಿಕೊಂಡವನು ಕರೆದವನಿಗಿಂತ ಎರಡು ವರ್ಷ ದೊಡ್ಡವನಿರಬಹುದು. ಯಾರೂ ಜಾತಕ ಕೇಳುವುದಿಲ್ಲ.

ಕೇಳಲೂಬಾರದು. ಇಂಥ ಮಾತನ್ನು ಪದಶಃ ಹಿಡಿದುಕೊಂಡರೆ ಕೆಟ್ಟಿರಿ. ಬಸ್ಸಿನಲ್ಲಿ ಮೂವರ ಸೀಟಿನ ತುದಿಗೆ ನಿಂತು 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ' ಎನ್ನುವ ಅಮ್ಮನವರಿಗೆ ಬೇಕಾದದ್ದು ಸ್ವಲ್ಪವಲ್ಲ. ಅವರ ಹಿಂದೆಯೇ ಒಂದು ಮಗು, ಒಂದು ಬ್ಯಾಗು, ಒಂದು ಹಲಸಿನಹಣ್ಣು ಬರುತ್ತವೆ. ಕಿಟಕಿ ಪಕ್ಕದವನು ಸರಳಿಗೆ ಅಂಟಿಕೊಳ್ಳುತ್ತಾನೆ.

1990ರ ದಶಕದಲ್ಲಿ ನಮ್ಮ ಎಷ್ಟೋ ಊರುಗಳ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ರಾತ್ರಿ ಕದ ತಟ್ಟುವ ದೆವ್ವ ಅದನ್ನು ಓದಿ ವಾಪಸಾಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ ಎಂಬ ನಂಬಿಕೆ. ಪಾಪ, ದೆವ್ವಕ್ಕೆ ಓದಲು ಬರುತ್ತಿತ್ತು, ಲೋಕಜ್ಞಾನ ಇರಲಿಲ್ಲ. ಖಾತೆ ಬದಲಾವಣೆಗೆಂದು ಕಚೇರಿ ಅಲೆದ ಯಾರನ್ನು ಕೇಳಿದ್ದರೂ ಅರ್ಥ ಬಿಡಿಸಿ ಹೇಳುತ್ತಿದ್ದರು.

ಇಂಥ ಮಾತಿಗೆ ನಿಜವಾಗಿಬಿಡುವುದೇ ಗಂಡಾಂತರ. 'ಈ ಸಲ ಕಪ್ ನಮ್ದೇ' ನೋಡಿ. ಐಪಿಎಲ್ ಕ್ರಿಕೆಟ್ಟಿನಲ್ಲಿ ಆರ್‌ಸಿಬಿಯ ಪುರುಷರ ತಂಡ ಸೋತಷ್ಟೂ ಅದು ಕೊಬ್ಬಿತು; ಗೇಲಿ ಮಾಡುವವರಿಗೂ ಅದೇ ಮಾತು, ಗೇಲಿಗೆ ಉತ್ತರಿಸುವ ನಮಗೂ ಅದೇ. 2008ರಿಂದ ಕಾದದ್ದಕ್ಕೆ 2025ರ ಜೂನ್ 3ರಂದು, 18ನೇ ಆವೃತ್ತಿಯಲ್ಲಿ, ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಮಣಿಸಿ ಕಪ್ ನಿಜಕ್ಕೂ ನಮ್ಮದಾಯಿತು. ಸಂತೋಷವೇ. ಆದರೆ ಗೆದ್ದವರ ಬಾಯಲ್ಲಿ ಆ ಮಾತಿಗೆ ಹಿಂದಿನ ಖದರಿಲ್ಲ. ಕಪ್ ಮುಟ್ಟದ ತಂಡಗಳು ಇನ್ನೂ ಇವೆಯಲ್ಲ, ಬೇಕಿದ್ದರೆ ಅವರು ಸಾಲಕ್ಕೆ ಒಯ್ಯಲಿ. ಬಡ್ಡಿ ಬೇಡ.