ಟೆಕ್ಕನ್‌ನಲ್ಲಿ ದಿನಾ ಸೋಲುವವರಿಗೆ

ಟೆಕ್ಕನ್ 3ರ ಕಾಲದಿಂದಲೂ ನಮ್ಮ ಕಾಸರಗೋಡಿನ ಕಡೆ ಎರಡು ಪಂಗಡ ಉಂಟು. ಎಡ್ಡಿಯನ್ನು ಆರಿಸಿ ಒದೆಯುವ ಬಟನ್‌ಗಳನ್ನು ಕಣ್ಣುಮುಚ್ಚಿ ಒತ್ತುವವರು ಒಂದು. ಅವರ ಕೈಯಲ್ಲಿ ಸೋತು "ಇದು ಆಟವೇ ಅಲ್ಲ ಮಾರಾಯ" ಎನ್ನುವವರು ಇನ್ನೊಂದು. ನಮ್ಮ ಯುವಕೂಟದ ಒಬ್ಬ ಹುಡುಗ ಎರಡನೆಯ ಪಂಗಡದವನು.

ಈ ಮಳೆಗಾಲದ ಸುರುವಿಗೆ ಅವನ ಪ್ಲಸ್ ಟೂ ಫಲಿತಾಂಶ ಬಂದು ಕೆಮಿಸ್ಟ್ರಿ ಹೋಗಿತ್ತು. ಆದಿತ್ಯವಾರ ಪೂಜೆ ಮುಗಿಸಿ ನಮ್ಮ ಮನೆಗೆ ಬಂದರೆ ಟೆಕ್ಕನ್ 7ರಲ್ಲೂ ಸೋಲು. ಒಂದು ದಿನ ಕಂಟ್ರೋಲರ್ ಕೆಳಗಿಟ್ಟು, "ಅಣ್ಣಾ, ನನಗೆ ಎಂತದೂ ಬರುವುದಿಲ್ಲ, ನನ್ನ ತಲೆಯೇ ನಿಧಾನ" ಎಂದ. ಅದು ಬರೀ ಆಟದ ಮಾತಲ್ಲ ಎಂದು ಗೊತ್ತಾಯಿತು. ಪರೀಕ್ಷೆಯ ವಿಷಯ ಎತ್ತಲು ನನಗೆ ಮನಸ್ಸಾಗಲಿಲ್ಲ. ಆಟದ ವಿಷಯ ಮಾತಾಡಬಹುದಿತ್ತು.

ತಲೆ ನಿಧಾನ ಎನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ ಎಂದೆ. ಟೆಕ್ಕನ್ ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಓಡುತ್ತದೆ. ಅತಿ ವೇಗದ ಮುಷ್ಟಿಹೊಡೆತ 10 ಫ್ರೇಮ್, ಅಂದರೆ ಒಂದು ಸೆಕೆಂಡಿನ ಆರನೇ ಒಂದು ಭಾಗ. ಕಣ್ಣು ಕಂಡದ್ದಕ್ಕೆ ಕೈ ಓಡಲು ಮನುಷ್ಯನಿಗೆ ಸುಮಾರು ಐದನೇ ಒಂದು ಭಾಗವಾದರೂ ಬೇಕು. ಹಾಗಾದರೆ ಆ ಹೊಡೆತವನ್ನು ನೋಡಿ ತಡೆಯುವವರು ಲೋಕದಲ್ಲೇ ಇಲ್ಲ. ಎಲ್ಲರೂ ಊಹೆಯಿಂದಲೇ ತಡೆಯುವುದು. ಆದರೆ ಬ್ರಯಾನ್‌ನ ಸ್ನೇಕ್ ಎಡ್ಜ್‌ನಂಥ ನಿಧಾನದ ಕಾಲೊದೆತವನ್ನು ಅಭ್ಯಾಸ ಇದ್ದವರು ಕಂಡೇ ತಡೆಯಬಹುದು. ಯಾವುದು ಕಾಣುತ್ತದೆ, ಯಾವುದನ್ನು ಊಹಿಸಬೇಕು ಎಂಬುದನ್ನು ಬೇರ್ಪಡಿಸಿಕೊಂಡರೆ ಅರ್ಧ ಗಾಬರಿ ಇಳಿಯುತ್ತದೆ.

ಅವನು ದಿನಕ್ಕೆ ಮೂವತ್ತು ಪಂದ್ಯ ಆಡುತ್ತಿದ್ದ. ಪ್ರಾಕ್ಟಿಸ್ ಮೋಡ್‌ಗೆ ಹೋದದ್ದು ಯೂಟ್ಯೂಬ್ ನೋಡಿ ಒಂದು ಉದ್ದದ ಕಾಂಬೋ ಕಲಿಯಲು ಮಾತ್ರ. (ಎಲ್ಲರೂ ಇದನ್ನೇ ಮಾಡುತ್ತಾರೆ. ಕಾಂಬೋ ಚಂದ, ಒಪ್ಪುತ್ತೇನೆ, ಆದರೆ ಮೊದಲ ಹೊಡೆತವೇ ತಾಗದಿದ್ದರೆ ಅದನ್ನಿಟ್ಟು ಏನು ಮಾಡುವುದು?) ಜಿಗಿದು ಒದೆಯುವ ಹೊಡೆತ ಹೆಚ್ಚಿನ ಪಾತ್ರಗಳಿಗೆ ಉಂಟು. ಅದನ್ನು ನಾವು ತಡೆದರೆ ಎದುರಾಳಿಗಿಂತ 13 ಫ್ರೇಮ್ ಮೊದಲು ನಮ್ಮ ಕೈ ಬಿಡುವಾಗುತ್ತದೆ. 10 ಫ್ರೇಮಿನ ಮುಷ್ಟಿ ಆ ಸಂದಿಯಲ್ಲಿ ಖಂಡಿತ ತಾಗುತ್ತದೆ. ಇವನು ಪ್ರತಿ ಸಲ ತಡೆಯುತ್ತಿದ್ದ, ತಡೆದು ಸುಮ್ಮನೆ ನಿಲ್ಲುತ್ತಿದ್ದ.

ಎದುರಿನ ಬೊಂಬೆಗೆ ಆ ಒದೆತವನ್ನೂ ಒಂದು ನಿಧಾನದ ಕಾಲೊದೆತವನ್ನೂ ರೆಕಾರ್ಡ್ ಮಾಡಿ, ಯಾವುದು ಬರುತ್ತದೆಂದು ಗೊತ್ತಾಗದ ಹಾಗೆ ಇಟ್ಟೆವು. ಒಂದಕ್ಕೆ ನಿಂತು ತಡೆಯಬೇಕು, ಇನ್ನೊಂದಕ್ಕೆ ಕುಳಿತು. ತಡೆದ ಕೂಡಲೇ ತಿರುಗಿ ಹೊಡೆಯಬೇಕು. ದಿನಕ್ಕೆ ಹದಿನೈದು ನಿಮಿಷ, ಬೇರೇನೂ ಇಲ್ಲ. ಆಮೇಲೆ ಐದೇ ಪಂದ್ಯ. ಗೆದ್ದದ್ದನ್ನು ಬರೆಯುವುದು ಬೇಡ, ತಡೆದ ಮೇಲೆ ಎಷ್ಟು ಸಲ ತಿರುಗಿ ಹೊಡೆದೆ ಎಂಬುದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಗೀರು ಹಾಕು ಎಂದೆ. ಮೊದಲ ವಾರ ಹೆಚ್ಚಾಗಿ ಸೋತ. ಗೀರು ಮಾತ್ರ ಎರಡಿದ್ದದ್ದು ಒಂಬತ್ತಾಯಿತು.

ಒಬ್ಬನೇ ಕೂತು ಅಭ್ಯಾಸ ಮಾಡಿದರೂ ಸಾಲದು ಅನ್ನಿ. ಲಾಹೋರಿನ ಅರ್ಸಲಾನ್ ಆಶ್ 2019ರಲ್ಲಿ ಈವೋ ಜಪಾನ್, ಲಾಸ್ ವೇಗಸ್‌ನ ಈವೋ ಎರಡನ್ನೂ ಗೆದ್ದಾಗ, ತನ್ನ ದೇಶದಲ್ಲಿ ಇನ್ನೂ ಬಲವಾದ ಆಟಗಾರರಿದ್ದಾರೆ ಎಂದಿದ್ದ. ಪಕ್ಕದಲ್ಲೇ ಕೂತು ಸೋಲಿಸುವವರಿದ್ದರೆ ಅದಕ್ಕಿಂತ ದೊಡ್ಡ ಶಾಲೆ ಇಲ್ಲ. ಆದರೆ ಸೋಲಿಸುವವನು ಸೋತವನಿಗೆ ಕಾರಣ ಹೇಳಿಕೊಡಬೇಕು, ನಗಾಡಿ ಎದ್ದು ಹೋಗಬಾರದು. ನಮ್ಮಲ್ಲಿ ಇದೇ ಕಡಿಮೆ.

ಆಮೇಲೆ ಕಿಂಗ್‌ನ ಹಿಡಿತಗಳಿಗೆ ಕೈ ಹಾಕಿದೆವು. ಎಡಗೈ ಮುಂದೆ ಬಂದರೆ ಎಡ ಮುಷ್ಟಿಯ ಬಟನ್, ಬಲಗೈ ಬಂದರೆ ಬಲದ್ದು, ಎರಡೂ ಬಂದರೆ ಎರಡೂ. ಬೊಂಬೆಯ ಮುಖ ಬಿಟ್ಟು ಭುಜ ನೋಡಲು ಕಲಿಯುವುದಕ್ಕೇ ಹತ್ತು ದಿನ ಹಿಡಿಯಿತು.

ಮೊನ್ನೆ ಅವನ ನೋಟ್‌ಬುಕ್ ತೆರೆದರೆ ಗೀರುಗಳ ಹಿಂದಿನ ಪುಟಗಳಲ್ಲಿ ಕೆಮಿಸ್ಟ್ರಿಯ ಸಮೀಕರಣಗಳಿದ್ದವು, ತಪ್ಪಿದವುಗಳಿಗೆ ಸುತ್ತು ಹಾಕಿತ್ತು. ನಾನು ಏನೂ ಕೇಳಲಿಲ್ಲ. ಸೇ ಪರೀಕ್ಷೆ ಬರೆದಿದ್ದಾನೆ, ಫಲಿತಾಂಶ ಇನ್ನೂ ಬರಬೇಕು. ಈಗ ನಾನು ಕಿಂಗ್‌ನನ್ನು ಆರಿಸಿದರೆ ಅವನು ನಗುತ್ತಾನೆ. ನನಗೆ ಬೇರೆ ಪಾತ್ರ ಹುಡುಕುವ ಕೆಲಸ ಬಂದಿದೆ.